ಹನ್ನೆರಡು ಕಂಪ್ಯೂಟರ್‌ಗಳನ್ನು ಗುಜರಿಗೆ ಕೊಡುವ ಮೊದಲು: ನಮ್ಮ ಸಂಘದ ಸಮಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಗೌರವ ಕಾರ್ಯದರ್ಶಿಗಳಿಗೆ, ಕೋಶಾಧಿಕಾರಿಗಳಿಗೆ ಮತ್ತು ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರಗಳು.

ನಾನು ಮುಂಬೈಯ ನಮ್ಮ ಕನ್ನಡ ಸಂಘದ ಆಜೀವ ಸದಸ್ಯೆ. ಇರುವುದು ಡೊಂಬಿವಲಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಡಿಟಿಪಿ ಮತ್ತು ಲೆಕ್ಕಪತ್ರದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಸಂಘದ ಸ್ಮರಣ ಸಂಚಿಕೆಗೆ ಪುಟ ಕಟ್ಟಿದ್ದೇನೆ. ಭಾನುವಾರದ ಕಂಪ್ಯೂಟರ್ ತರಗತಿಯಲ್ಲಿ ಟ್ಯಾಲಿ ಅನ್ನುವ ಲೆಕ್ಕಪತ್ರದ ತಂತ್ರಾಂಶ ಮತ್ತು ಕನ್ನಡ ಟೈಪಿಂಗ್ ಹೇಳಿಕೊಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ನನ್ನನ್ನು ಹೆಸರು ಹಿಡಿದು ಮಾತಾಡಿಸುವವರೇ. ಆದ್ದರಿಂದ ಈ ಪತ್ರದಲ್ಲಿ ಯಾವ ದ್ವೇಷವೂ ಇಲ್ಲ. ಬೇಸರ ಮಾತ್ರ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹೋದ ತಿಂಗಳ ಮಹಾಸಭೆಯಲ್ಲಿ ಸಮಿತಿ ಒಂದು ತೀರ್ಮಾನ ಓದಿತು. ತರಗತಿಯ 12 ಹಳೇ ಕಂಪ್ಯೂಟರ್‌ಗಳನ್ನು ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟುಬಿಡುವುದು. ಅವುಗಳ ಜಾಗಕ್ಕೆ ಆಪಲ್ ಕಂಪನಿಯ 12 ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ತರುವುದು. ಒಂದಕ್ಕೆ 99,900 ರೂಪಾಯಿ. ಒಟ್ಟು 11,98,800. ಒಬ್ಬನೇ ಡೀಲರ್, ಒಂದೇ ಕೊಟೇಶನ್. ಕಾರಣ ಕೇಳಿದವರಿಗೆ ಮೂರು ಮಾತು ಹೇಳಿದಿರಿ. ವಿಂಡೋಸ್ 10 ನಿಂತುಹೋಯಿತು. ಹಳೇ ಯಂತ್ರಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಮ್ಯಾಕ್ ಕೆಡುವುದಿಲ್ಲ, ವೈರಸ್ ಬರುವುದಿಲ್ಲ. ನಾನು ಕೈ ಎತ್ತಿದೆ. ಊಟದ ಹೊತ್ತಾಯಿತು, ಮುಂದಿನ ಸಭೆಯಲ್ಲಿ ಮಾತಾಡೋಣ ಅಂದಿರಿ. ಮುಂದಿನ ಸಭೆ ಬರುವಷ್ಟರಲ್ಲಿ ಯಂತ್ರಗಳೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಮುಂಬೈಯ ಬೇರೆ ಕನ್ನಡ ಸಂಘಗಳ ತರಗತಿ ಕೋಣೆಗಳಲ್ಲೂ ಇದೇ ವಯಸ್ಸಿನ ಯಂತ್ರಗಳಿವೆ. ಅವರಿಗೂ ಉಪಯೋಗವಾಗಲಿ.

ಈ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೆನೆಯೋಣ. ನನ್ನ ಅಪ್ಪ ಹದಿಮೂರನೇ ವಯಸ್ಸಿನಲ್ಲಿ ಊರು ಬಿಟ್ಟು ಮುಂಬೈಗೆ ಬಂದವರು. ಹಗಲಿಡೀ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟಿನ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸು ಮಾಡಿದರು. ಇಂಥವರ ಮನೆ ಈ ಊರಿನಲ್ಲಿ ಎಷ್ಟಿಲ್ಲ ಹೇಳಿ. ನಮ್ಮ ಕಂಪ್ಯೂಟರ್ ತರಗತಿ ಆ ರಾತ್ರಿ ಶಾಲೆಯ ಮೊಮ್ಮಗು ಅಂತಲೇ ನಾನು ತಿಳಿದಿದ್ದೇನೆ. ಅದಕ್ಕೆ ದಾನ ಕೊಟ್ಟವರಲ್ಲೂ ಅರ್ಧಕ್ಕರ್ಧ ಜನ ಹೋಟೆಲ್ ಗಲ್ಲಾದಲ್ಲಿ ಕೂತವರು, ಕ್ಯಾಟರಿಂಗ್ ಮಾಡುವವರು, ಮನೆಯಲ್ಲೇ ಹಪ್ಪಳ ಮಾಡಿ ಮಾರುವ ಹೆಂಗಸರು.

ಈಗ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ಸಭೆಯ ನಂತರದ ಭಾನುವಾರ ತರಗತಿ ಮುಗಿದ ಮೇಲೆ ಕೋಣೆಯಲ್ಲಿ ಉಳಿದುಕೊಂಡೆ. ಒಂದೊಂದೇ ಯಂತ್ರ ಆನ್ ಮಾಡಿ, ಒಳಗೇನಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 12ರಲ್ಲಿ 7 ಯಂತ್ರಗಳು 2015ರಲ್ಲಿ ಕೊಂಡವು. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, ತಿರುಗುವ ಹಳೇ ಹಾರ್ಡ್ ಡಿಸ್ಕ್. ಇವಕ್ಕೆ ವಿಂಡೋಸ್ 11 ಹತ್ತುವುದಿಲ್ಲ, ಅದು ನಿಜ. ಉಳಿದ 5 ಯಂತ್ರಗಳು 2019ರಲ್ಲಿ ಬಂದವು. ಎಂಟನೇ ತಲೆಮಾರಿನ ಐ5. ವಿಂಡೋಸ್ 11 ನಡೆಯುವ ಪ್ರೊಸೆಸರ್‌ಗಳು ಅಂತ ಮೈಕ್ರೋಸಾಫ್ಟ್ ಕೊಟ್ಟಿರುವ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೇ ತಲೆಮಾರು ಇದೆ. ಹಾಗಾದರೆ ಇವೂ ಆಗುವುದಿಲ್ಲ ಅಂತ ಪರದೆಯ ಮೇಲೆ ಯಾಕೆ ಬರುತ್ತಿದೆ?

ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್ ಒಳಗೆ ಹೋದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಅದೊಂದು ಕೀಲಿ ಕಾಯುವ ಪೆಟ್ಟಿಗೆ ಇದ್ದ ಹಾಗೆ. ಇಂಟೆಲ್ ಅದನ್ನು ಪ್ರೊಸೆಸರ್ ಜೊತೆಯೇ ಕೊಟ್ಟಿರುತ್ತದೆ, ಪಿಟಿಟಿ ಅಂತ ಹೆಸರು. ನಮ್ಮ ಐದೂ ಯಂತ್ರಗಳಲ್ಲಿ ಅದು ಇತ್ತು. ಆದರೆ ಆಫ್ ಆಗಿತ್ತು. ಬಾಣದ ಕೀ ಒತ್ತಿ ಆನ್ ಮಾಡಿದೆ, ಸೇವ್ ಮಾಡಿ ಹೊರಗೆ ಬಂದೆ. ಮತ್ತೆ ಪರೀಕ್ಷೆ ಓಡಿಸಿದಾಗ ಈ ಯಂತ್ರಕ್ಕೆ ವಿಂಡೋಸ್ 11 ಆಗುತ್ತದೆ ಅಂತ ಹಸಿರು ಗುರುತು ಬಂತು. ಒಂದಕ್ಕೆ ಮೂರು ನಿಮಿಷ ಹಿಡಿಯಿತು. ಡಬ್ಬಿಯ ಮೇಲೆ ಅಸಲಿ ವಿಂಡೋಸ್ 10ರ ಸ್ಟಿಕರ್ ಇದೆ. ಅಸಲಿ 10 ಇದ್ದವರಿಗೆ 11 ಪುಕ್ಕಟೆ. ಅಂದರೆ ಖರ್ಚೇ ಇಲ್ಲದೆ ಐದು ಯಂತ್ರ ಬದುಕಿದವು. ಕೊಟೇಶನ್ ಕೊಟ್ಟ ಡೀಲರ್ ಈ ಯಂತ್ರಗಳನ್ನು ಆನ್ ಮಾಡಿ ನೋಡಿದ್ದರೇ? ನೋಡಿದ್ದರೆ ಇದನ್ನು ಯಾಕೆ ಹೇಳಲಿಲ್ಲ? ಸಮಿತಿ ಈ ಪ್ರಶ್ನೆ ಕೇಳಬೇಕು.

ಆ ಏಳು ಹಳೇ ಯಂತ್ರಗಳ ಕಥೆ ಬೇರೆ. ಅವುಗಳಲ್ಲಿ ಒಂದರ ಮುಚ್ಚಳ ಬಿಚ್ಚಿದೆ. ಕಿಟಕಿ ಪಕ್ಕದ್ದು, ಮಕ್ಕಳು ಯಾರೂ ಕೂರಲು ಇಷ್ಟಪಡದ್ದು. ಫ್ಯಾನಿನ ಮೇಲೆ ಬೆರಳು ದಪ್ಪದ ಧೂಳು, ಹಲವು ಮಳೆಗಾಲದ ತೇವಕ್ಕೆ ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಹಾರ್ಡ್ ಡಿಸ್ಕ್ ಕಟ್ ಕಟ್ ಅನ್ನುತ್ತಿತ್ತು. ಸ್ವಿಚ್ ಒತ್ತಿದ ಮೇಲೆ ಕೆಲಸಕ್ಕೆ ಸಿಗಲು 4 ನಿಮಿಷ 10 ಸೆಕೆಂಡು. ಮೊಬೈಲ್ ಹಿಡಿದು ಎಣಿಸಿದ್ದೇನೆ. ಇಂಥ ನಿಧಾನವನ್ನು ಜನ "ಕಂಪ್ಯೂಟರ್ ಹಳೇದಾಯಿತು" ಅನ್ನುತ್ತಾರೆ. ಹಳೇದಾದದ್ದು ಡಿಸ್ಕ್ ಮಾತ್ರ. ಮರುದಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ನನ್ನ ಕೈಯಿಂದ 1,850 ರೂಪಾಯಿ ಕೊಟ್ಟು ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದೆ. ಬಳಸಿದ 4 ಜಿಬಿ ರ್‍ಯಾಮ್ ಕಡ್ಡಿ 600ಕ್ಕೆ ಸಿಕ್ಕಿತು. ಬ್ರಷ್‌ನಿಂದ ಧೂಳು ತೆಗೆದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಅದಕ್ಕೆ ದುಡ್ಡಿಲ್ಲ. ಮಿಂಟ್ 22ಕ್ಕೆ 2029ರ ತನಕ ಸುರಕ್ಷತಾ ಅಪ್‌ಡೇಟ್ ಬರುತ್ತದೆ.

ಆ ಯಂತ್ರ ಈಗ 25 ಸೆಕೆಂಡಿಗೆ ತೆರೆದುಕೊಳ್ಳುತ್ತದೆ. ಹೋದ ಭಾನುವಾರ ಅದರ ಮುಂದೆ ಒಬ್ಬ ಹುಡುಗನನ್ನು ಕೂರಿಸಿದೆ, ಏನೂ ಹೇಳಲಿಲ್ಲ. ಮುಲುಂಡಿನ ಒಂದು ಹೋಟೆಲಿನಲ್ಲಿ ಜ್ಯೂಸ್ ಕೌಂಟರ್ ನೋಡಿಕೊಳ್ಳುವವನು. ಕನ್ನಡದಲ್ಲಿ ಅರ್ಜಿ ಟೈಪ್ ಮಾಡಿದ, ಪಟ್ಟಿ ಹಾಕಿ ಮೊತ್ತ ಕೂಡಿಸಿದ, ಪಿಡಿಎಫ್ ಮಾಡಿ ಮೇಲ್ ಕಳಿಸಿದ. ಏಳುವಾಗ ಕೇಳಿದ್ದು ಇಷ್ಟೇ: "ಅಕ್ಕಾ, ಇದು ಹೊಸದಾ?"

ನಾನು ಲಿನಕ್ಸ್‌ನ ಪ್ರಚಾರಕಿ ಅಲ್ಲ, ಆದ್ದರಿಂದ ಅದರ ತೊಂದರೆಯನ್ನೂ ಹೇಳಬೇಕು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಮಕ್ಕಳಿಗೆ ಕಲಿಸುತ್ತಿವೆ, ಚೆನ್ನಾಗಿಯೇ ನಡೆದಿದೆ. ಆದರೆ ಜರ್ಮನಿಯ ಮ್ಯೂನಿಕ್ ನಗರಪಾಲಿಕೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಸುಮಾರು 15,000 ಕಂಪ್ಯೂಟರ್ ಬದಲಿಸಿ, 2017ರಲ್ಲಿ ವಿಂಡೋಸ್‌ಗೆ ಹಿಂತಿರುಗುವ ನಿರ್ಧಾರ ಮಾಡಿತು. ಇಬ್ಬರದೂ ಲಿನಕ್ಸೇ. ಕೇರಳದಲ್ಲಿ ಪಾಠ, ತರಬೇತಿ, ಯಂತ್ರ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಂಡು ಬಂದರು. ಮ್ಯೂನಿಕ್‌ನಲ್ಲಿ ಹೊರಗಿನವರ ಜೊತೆ ಕಡತ ಕೊಟ್ಟು ತಗೊಳ್ಳುವುದು ತಲೆನೋವಾಯಿತು, ರಾಜಕೀಯವೂ ಸೇರಿತು. ನಮ್ಮ ಆಫೀಸಿನ ಹಳೇ ಲೇಸರ್ ಪ್ರಿಂಟರನ್ನು ಮಿಂಟ್‌ಗೆ ಒಗ್ಗಿಸಲು ನಾನು ಇಡೀ ಒಂದು ಸಂಜೆ ಕಳೆದೆ, ಕೊನೆಗೂ ಆಗಲಿಲ್ಲ. ಪಿಡಿಎಫ್ ಮಾಡಿ ವಿಂಡೋಸ್ ಯಂತ್ರದಿಂದ ಪ್ರಿಂಟ್ ತೆಗೆಯಬೇಕಾಯಿತು. ಕಲಿಯುವ ಕೋಣೆಗೆ ಇದು ದೊಡ್ಡ ವಿಷಯವಲ್ಲ. ದಿನಕ್ಕೆ ನೂರು ರಸೀದಿ ಪ್ರಿಂಟ್ ಮಾಡುವ ಸಂಘದ ಕಚೇರಿಗೆ ದೊಡ್ಡ ವಿಷಯ.

ಇನ್ನು ಮ್ಯಾಕ್. ಮ್ಯಾಕ್ ಬಗ್ಗೆ ನನಗೆ ಸಿಟ್ಟಿದೆ ಅಂತ ಯಾರೂ ತಿಳಿಯಬೇಡಿ. ನನ್ನ ಮೇಜಿನ ಮೇಲೆ ಆಪಲ್‌ನದೇ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಇದೆ. 2021ರಲ್ಲಿ 85,000ಕ್ಕೆ ತಗೊಂಡೆ. ಅದರಲ್ಲೇ ಪುಟ ಕಟ್ಟುತ್ತೇನೆ. ಇಷ್ಟು ವರ್ಷದಲ್ಲಿ ತಾನಾಗಿ ಒಂದು ದಿನವೂ ನಿಂತಿಲ್ಲ. ಕರೆಂಟ್ ಹೋದರೂ ಚಿಂತೆ ಇಲ್ಲ. ಬೆಳಗ್ಗೆ ಚಾರ್ಜ್ ಮಾಡಿದರೆ ಸಂಜೆ ತನಕ ಬರುತ್ತದೆ. ದೊಡ್ಡವರೂ ಇದನ್ನೇ ಹೇಳಿದ್ದಾರೆ. ಕಂಪ್ಯೂಟರ್ ಕಂಪನಿ ಐಬಿಎಂ ತನ್ನ ನೌಕರರಿಗೆ ಮ್ಯಾಕ್ ಕೊಟ್ಟು ಲೆಕ್ಕ ಹಾಕಿ, ನಾಲ್ಕು ವರ್ಷದಲ್ಲಿ ಒಂದು ಮ್ಯಾಕ್‌ಗೆ 250 ಡಾಲರ್‌ಗಿಂತ ಜಾಸ್ತಿ ಉಳಿಯುತ್ತದೆ ಅಂತ 2016ರಲ್ಲಿ ಹೇಳಿತು. ಕೊಳ್ಳುವಾಗ ಜಾಸ್ತಿ, ಆದರೆ ಸಹಾಯ ಕೇಳಿ ಬರುವ ಫೋನ್ ಕಡಿಮೆ, ಮಾರುವಾಗ ಬೆಲೆ ಚೆನ್ನಾಗಿ ಬರುತ್ತದೆ. ಈ ಲೆಕ್ಕವನ್ನು ನಾನು ನಂಬುತ್ತೇನೆ, ನನ್ನ ಅನುಭವವೂ ಅದೇ.

ಆದರೆ ಲೆಕ್ಕ ಯಾರ ಮೇಜಿನದು ಅಂತ ನೋಡಬೇಕಲ್ವಾ?

ನನ್ನ ಮ್ಯಾಕ್ ದಿನಕ್ಕೆ 6 ಗಂಟೆ, ವರ್ಷಕ್ಕೆ ಸುಮಾರು 300 ದಿನ ದುಡಿಯುತ್ತದೆ. 85,000 ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 17,000. ಗಂಟೆಗೆ ಬೀಳುವುದು ಒಂಬತ್ತೂವರೆ ರೂಪಾಯಿ. ಒಂದು ಕಟಿಂಗ್ ಚಹಾದ ದುಡ್ಡು. ನಮ್ಮ ತರಗತಿ ನಡೆಯುವುದು ಶನಿವಾರ ಮೂರು ಗಂಟೆ, ಭಾನುವಾರ ಮೂರು ಗಂಟೆ. ಗಣಪತಿ, ದೀಪಾವಳಿ, ಮೇ ತಿಂಗಳ ರಜೆ ಬಿಟ್ಟರೆ ವರ್ಷಕ್ಕೆ 45 ವಾರ. ಅಂದರೆ 270 ಗಂಟೆ. 99,900ರ ಮ್ಯಾಕ್ ಆರು ವರ್ಷ ಬಾಳಿಕೆ ಬಂದರೂ ಗಂಟೆಗೆ ಸುಮಾರು 62 ರೂಪಾಯಿ ಬೀಳುತ್ತದೆ. ಉಳಿದ ಹೊತ್ತೆಲ್ಲ ಅದು ಬೀರುವಿನಲ್ಲಿ ಕೂತಿರುತ್ತದೆ. ನಾನು 2,450 ರೂಪಾಯಿ ಹಾಕಿ ಎಬ್ಬಿಸಿದ ಹಳೇ ಯಂತ್ರ ಬರೀ ಮೂರು ವರ್ಷ ನಡೆದರೂ ಗಂಟೆಗೆ 3 ರೂಪಾಯಿ. ಮ್ಯಾಕ್ ಅದೇ, ಆದರೆ ನನ್ನ ಮೇಜಿನ ಮೇಲೆ ಅಗ್ಗ, ತರಗತಿಯಲ್ಲಿ ದುಬಾರಿ. ಬೆಲೆ ಚೀಟಿ ನೋಡಿ ಇದು ಗೊತ್ತಾಗುವುದಿಲ್ಲ. ಎಷ್ಟು ಗಂಟೆ ದುಡಿಯುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಕೆಡುವುದಿಲ್ಲ ಅನ್ನುವ ಮಾತಿಗೂ ಒಂದು ಉತ್ತರ ಇದೆ. ಎರಡು ವರ್ಷದ ಹಿಂದೆ ನನ್ನ ಮ್ಯಾಕ್ ಕೀಬೋರ್ಡ್ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತು. ತಪ್ಪು ನನ್ನದೇ. ರಿಪೇರಿಗೆ ತೋರಿಸಿದಾಗ ಹತ್ತಿರ ಹತ್ತಿರ ಅರ್ಧ ಯಂತ್ರದ ಬೆಲೆ ಹೇಳಿದರು. ಅದರಲ್ಲಿ ರ್‍ಯಾಮ್ ಬೋರ್ಡಿನ ಜೊತೆಗೇ ಬೆಸೆದಿರುತ್ತದೆ. ಒಂದು ಕಡ್ಡಿ ತೆಗೆದು ಇನ್ನೊಂದು ಹಾಕುವ ಹಾಗಿಲ್ಲ. ಪುಣ್ಯಕ್ಕೆ ಎರಡು ದಿನ ಒಣಗಿಸಿದ ಮೇಲೆ ಅದು ತಾನೇ ಸರಿಯಾಯಿತು. ನಮ್ಮ ತರಗತಿಯ ಕೋಣೆ ಹೇಗಿದೆ ಅಂತ ನಿಮಗೆ ಗೊತ್ತು. ಹನ್ನೆರಡು ಕುರ್ಚಿ, ಇಪ್ಪತ್ತು ಮಕ್ಕಳು, ನೀರಿನ ಬಾಟಲಿ, ಮಳೆಗಾಲದಲ್ಲಿ ತೊಟ್ಟಿಕ್ಕುವ ಛತ್ರಿ. ಡೆಸ್ಕ್‌ಟಾಪಿನ ಕೀಬೋರ್ಡ್ ಮೇಲೆ ನೀರು ಬಿದ್ದರೆ 400 ರೂಪಾಯಿಗೆ ಹೊಸದು ಬರುತ್ತದೆ.

ಮ್ಯಾಕ್‌ಗೂ ಕೊನೆಯ ದಿನ ಇದೆ. ಮ್ಯಾಕ್ ನಡೆಸುವ ತಂತ್ರಾಂಶದಲ್ಲಿ, 2025ರಲ್ಲಿ ಬಂದ ಮ್ಯಾಕ್ ಓಎಸ್ 26ರ ನಂತರದ ಆವೃತ್ತಿಗಳು ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಿಗೆ ಬರುವುದಿಲ್ಲ ಅಂತ ಆಪಲ್ ಹೇಳಿದೆ. ವಿಂಡೋಸ್ 10 ಬಂದದ್ದು 2015ರ ಜುಲೈಯಲ್ಲಿ, ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಹತ್ತು ವರ್ಷ ಬಾಳಿತು. ನಿಂತಿತು ಅಂದರೂ ಆ ದಿನ ಯಂತ್ರ ಬಂದ್ ಆಗಲಿಲ್ಲ. ಸುರಕ್ಷತಾ ಅಪ್‌ಡೇಟ್ ಬರುವುದು ನಿಂತಿತು ಅಷ್ಟೇ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಒಂದು ವರ್ಷದ ವಿಸ್ತರಣೆಯನ್ನೂ ಕೊಟ್ಟಿದ್ದಾರೆ. ಅಪ್‌ಡೇಟ್ ಇಲ್ಲದ ಯಂತ್ರವನ್ನು ಇಂಟರ್ನೆಟ್‌ಗೆ ಹಚ್ಚಿ ಇಡಬಾರದು, ಇದನ್ನು ನಾನೂ ಒಪ್ಪುತ್ತೇನೆ. ಹಾಗಂತ ಯಂತ್ರವನ್ನೇ ಎಸೆಯಬೇಕು ಅಂತ ಅಲ್ಲವಲ್ಲ.

ಎಲ್ಲಕ್ಕಿಂತ ನನಗೆ ನೋವಾದ ವಿಷಯಕ್ಕೆ ಬರುತ್ತೇನೆ. ನಮ್ಮ ತರಗತಿಗೆ ಮಕ್ಕಳು ಯಾಕೆ ಬರುತ್ತಾರೆ? ಟ್ಯಾಲಿ ಕಲಿಯಲು. ಟ್ಯಾಲಿ ಬಂದರೆ ಸಪ್ಲೈಯರ್ ಹುಡುಗ ಗಲ್ಲಾಕ್ಕೆ ಬರುತ್ತಾನೆ, ಗಲ್ಲಾದವನು ಅಕೌಂಟ್ಸ್‌ಗೆ ಬರುತ್ತಾನೆ. ಇದನ್ನು ನಾನು ಒಂದಲ್ಲ ಹತ್ತು ಸಲ ನೋಡಿದ್ದೇನೆ. ಬೆಂಗಳೂರಿನಲ್ಲಿ ಬೆಳೆದ ಆ ಟ್ಯಾಲಿ ನಡೆಯುವುದು ವಿಂಡೋಸ್ ಮೇಲೆ. ಮ್ಯಾಕ್ ಮೇಲೆ ನೇರವಾಗಿ ನಡೆಯುವುದಿಲ್ಲ. ಮ್ಯಾಕ್ ಒಳಗೆ ಇನ್ನೊಂದು ತಂತ್ರಾಂಶ ಕೊಂಡು, ಅದರೊಳಗೆ ವಿಂಡೋಸ್ ಕೂರಿಸಿ, ಅದರ ಮೇಲೆ ಟ್ಯಾಲಿ ಓಡಿಸಬೇಕು. ಹನ್ನೆರಡು ಯಂತ್ರಕ್ಕೂ ಆ ಖರ್ಚು ಬೇರೆ. ಹನ್ನೆರಡು ಲಕ್ಷ ಕೊಟ್ಟು ತರುವ ಯಂತ್ರದಲ್ಲಿ ನಮ್ಮ ತರಗತಿಯ ಮುಖ್ಯ ಪಾಠವೇ ನಡೆಯುವುದಿಲ್ಲ. ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಪಾಠ ಮಾಡುವವರಲ್ಲಿ ಯಾರನ್ನೂ ನೀವು ಕೇಳಲೂ ಇಲ್ಲ.

ಹುಡುಗರು ನಾಳೆ ಕೆಲಸಕ್ಕೆ ಹೋಗುವ ಜಾಗದಲ್ಲಿ ಏನಿರುತ್ತದೆ? ಹೋಟೆಲಿನ ಬಿಲ್ಲಿಂಗ್ ಕೌಂಟರ್, ಸಾರಿಗೆ ಕಂಪನಿಯ ಗೋದಾಮು, ಸಿಎ ಆಫೀಸು. ನಾನು ಲೆಕ್ಕ ಬರೆಯಲು ಹೋದಲ್ಲೆಲ್ಲ ಕಂಡದ್ದು ಅಸೆಂಬಲ್ ಮಾಡಿಸಿದ ವಿಂಡೋಸ್ ಪಿಸಿಯೇ. ಕಲಿತದ್ದು ಒಂದು, ಕೂರುವುದು ಇನ್ನೊಂದರ ಮುಂದೆ ಅಂತಾದರೆ ಮೊದಲ ವಾರವೇ ಹುಡುಗ ಹೆದರುತ್ತಾನೆ.

ಕನ್ನಡದ ಕಡತಗಳದ್ದೂ ದೊಡ್ಡ ಸಮಸ್ಯೆ. ಸಂಘದ ಮೂವತ್ತು ವರ್ಷದ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಹಿರಿಯರ ನೆನಪಿನ ಬರಹ ಇವೆಲ್ಲ ಇರುವುದು ಹಳೇ ನುಡಿ, ಬರಹ ಮತ್ತು ಶ್ರೀಲಿಪಿ ಫಾಂಟ್‌ಗಳಲ್ಲಿ. ಶ್ರೀಲಿಪಿ ನಮ್ಮ ನೆರೆಯ ಪುಣೆಯಲ್ಲೇ ಹುಟ್ಟಿದ್ದು. ಎಲ್ಲ ಯಂತ್ರಗಳಲ್ಲೂ ಅಕ್ಷರ ಒಂದೇ ರೀತಿ ಕಾಣಿಸುವ ಯುನಿಕೋಡ್ ಪದ್ಧತಿ ಬಳಕೆಗೆ ಬರುವ ಮುಂಚೆ ಈ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಚುಕ್ಕಿ ಕೊಂಬು ಹತ್ತಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪುಟ ಕಟ್ಟಿದ್ದು ಪೇಜ್‌ಮೇಕರ್‌ನಲ್ಲಿ. ಅದರ 7ನೇ ಆವೃತ್ತಿ ಬಂದದ್ದು 2001ರಲ್ಲಿ, ಹೊಸ ಆವೃತ್ತಿ ಆಮೇಲೆ ಬರಲೇ ಇಲ್ಲ. ಹೊಸ ಮ್ಯಾಕ್‌ನಲ್ಲಿ ಅದು ತೆರೆಯುವುದೇ ಇಲ್ಲ. ಯುನಿಕೋಡ್‌ಗೆ ಬದಲಿಸುವ ಸಲಕರಣೆಗಳಿವೆ, ನಾನು ಬಳಸಿದ್ದೇನೆ. ಬದಲಿಸಿದ ಮೇಲೆ ಕೂತು ಪ್ರೂಫ್ ನೋಡಬೇಕು. ಅರ್ಕಾವತ್ತು ಎಲ್ಲೋ ಹೋಗಿರುತ್ತದೆ, ಒತ್ತಕ್ಷರ ಎಲ್ಲೋ ಬಿದ್ದಿರುತ್ತದೆ. 1998ರ ಸಂಚಿಕೆಯ ಹದಿನಾರು ಪುಟಕ್ಕೆ ನನಗೆ ಎರಡು ಭಾನುವಾರ ಹಿಡಿಯಿತು. ಈ ಕೆಲಸ ಮುಗಿಯುವ ತನಕ ಹಳೇ ತಂತ್ರಾಂಶ ಇರುವ ಒಂದು ಯಂತ್ರವನ್ನಾದರೂ ಕಾಪಾಡಲೇಬೇಕು. ಇಂಟರ್ನೆಟ್ ತಂತಿ ತೆಗೆದು, ಪಕ್ಕಕ್ಕೆ ಇಟ್ಟು.

ಒಂದು ಸಲ ಯುನಿಕೋಡ್‌ಗೆ ಬಂದಮೇಲೆ ಯಾವ ಯಂತ್ರವಾದರೇನು? ನುಡಿಯಲ್ಲಿ ನಾವು ಕಲಿತ ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡಿನ ಕೀಲಿ ಜೋಡಣೆಯೇ ಲಿನಕ್ಸ್‌ನಲ್ಲೂ ಸಿಗುತ್ತದೆ. ನಮ್ಮ ಬೆರಳು ಮತ್ತೆ ಕಲಿಯಬೇಕಾಗಿಲ್ಲ.

ಭರವಸೆಯ ಬಗ್ಗೆ ಇನ್ನೊಂದು ಮಾತು. ಯಾವ ಕಂಪ್ಯೂಟರ್ ನಿಲ್ಲುವುದಿಲ್ಲ ಅಂತ ಹುಡುಕಿ ಕೊಳ್ಳುವುದಕ್ಕಿಂತ, ನಿಂತರೆ ಏನು ಮಾಡುತ್ತೇವೆ ಅಂತ ಯೋಚಿಸುವುದು ಮುಖ್ಯ. 2017ರ ಜೂನ್ ಕೊನೆಯಲ್ಲಿ ನಮ್ಮ ನ್ಹಾವಾ ಶೇವಾ ಬಂದರಿನಲ್ಲಿ ಒಂದು ಟರ್ಮಿನಲ್ಲಿನ ಕಂಪ್ಯೂಟರ್ ವ್ಯವಸ್ಥೆ ನಿಂತುಹೋಯಿತು. ನಾಟ್‌ಪೆಟ್ಯಾ ಅನ್ನುವ ವೈರಸ್ ದಾಳಿ. ಆ ಟರ್ಮಿನಲ್ ನಡೆಸುತ್ತಿದ್ದದ್ದು ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್, ಅಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ, ಇಂಜಿನಿಯರುಗಳಿಗೂ ಕೊರತೆ ಇರಲಿಲ್ಲ. ಅವರ ಇಡೀ ಜಾಲದ ಮುಖ್ಯ ದಾಖಲೆಯ ಪ್ರತಿ ಕೊನೆಗೆ ಉಳಿದಿದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಯಂತ್ರದಲ್ಲಿ. ದಾಳಿಯಾದ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಅದಕ್ಕೇ ಉಳಿಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸುರಕ್ಷತಾ ತಂತ್ರಾಂಶ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ದಿನ ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳಿಗೆ ಏನೂ ಆಗಲಿಲ್ಲ. ಹನ್ನೆರಡೂ ಒಂದೇ ಜಾತಿಯವು ಇದ್ದರೆ ಹನ್ನೆರಡೂ ಒಟ್ಟಿಗೆ ಮಲಗುತ್ತವೆ. ಬೇರೆ ಬೇರೆ ಇದ್ದರೆ ಅರ್ಧವಾದರೂ ಎದ್ದಿರುತ್ತವೆ.

ನಮ್ಮ ಸಂಘದ ಬ್ಯಾಕಪ್ ಎಲ್ಲಿದೆ? ಕಚೇರಿಯಲ್ಲಿ ಕೇಳಿದೆ. ಒಂದು ಪೆನ್‌ಡ್ರೈವ್ ಇತ್ತು, ಈಗ ಸಿಗುತ್ತಿಲ್ಲ ಅಂದರು. ಹನ್ನೆರಡು ಲಕ್ಷದ ಕೊಟೇಶನ್ನಿನಲ್ಲಿ ಬ್ಯಾಕಪ್ ಅನ್ನುವ ಶಬ್ದವೇ ಇಲ್ಲ. ಐದು ಸಾವಿರದ ಒಂದು ಹೊರಗಿನ ಡಿಸ್ಕ್ ಇಲ್ಲ.

ಈಗ ಬರೆಯುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಆ ಭಾನುವಾರ ಒಂಬತ್ತನೇ ಯಂತ್ರ ತೆರೆದಾಗ ಡಿ ಡ್ರೈವ್‌ನಲ್ಲಿ "ವಿದ್ಯಾರ್ಥಿವೇತನ 2018" ಅನ್ನುವ ಫೋಲ್ಡರ್ ಕಂಡಿತು. ಒಳಗೆ 140ಕ್ಕೂ ಜಾಸ್ತಿ ಮಕ್ಕಳ ಅರ್ಜಿ. ಪ್ರತಿಯೊಂದರ ಜೊತೆ ಆಧಾರ್, ರೇಷನ್ ಕಾರ್ಡ್, ತಂದೆಯ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಮೇಲೇ ಇದ್ದ ಒಂದು ಅರ್ಜಿ ತೆರೆದೆ. ಹತ್ತನೇ ಕ್ಲಾಸಿನ ಹುಡುಗಿ. ತಾಯಿ ತಮ್ಮ ಕೈಯಲ್ಲೇ ಕನ್ನಡದಲ್ಲಿ ಬರೆದಿದ್ದರು, ಗಂಡ ತೀರಿಕೊಂಡಿದ್ದಾರೆ, ಊಟದ ಡಬ್ಬಿ ಮಾಡಿ ಮಗಳನ್ನು ಓದಿಸುತ್ತಿದ್ದೇನೆ ಅಂತ. ಕೆಳಗೆ ಮೊಬೈಲ್ ನಂಬರ್, ಖಾತೆ ನಂಬರ್. ಫೋಲ್ಡರಿಗೆ ಪಾಸ್‌ವರ್ಡ್ ಇಲ್ಲ. ಈ ಡಿಸ್ಕನ್ನು ನಾವು ತೂಕಕ್ಕೆ ಹಾಕಿ ಭಂಗಾರ್‌ವಾಲಾನಿಗೆ ಕೊಡಲು ಹೊರಟಿದ್ದೇವೆ.

ಡಿಲೀಟ್ ಒತ್ತಿದರೂ, ಫಾರ್ಮ್ಯಾಟ್ ಹೊಡೆಸಿದರೂ ಇಂಥ ಡಿಸ್ಕಿನಿಂದ ಕಡತಗಳನ್ನು ಮತ್ತೆ ಎತ್ತಬಹುದು. ಇಡೀ ಡಿಸ್ಕಿನ ಮೇಲೆ ಬೇರೆ ಮಾಹಿತಿ ಬರೆಸಿ ಅಳಿಸಬೇಕು, ಇಲ್ಲವೇ ಬಿಚ್ಚಿ ತಟ್ಟೆಗಳನ್ನು ಒಡೆಯಬೇಕು. ಇ-ತ್ಯಾಜ್ಯಕ್ಕೆ 2022ರ ನಿಯಮಗಳಿವೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ತಗೊಳ್ಳುವುದೇ ಸರಿಯಾದ ದಾರಿ. ಆ ತಾಯಿ ನಮ್ಮನ್ನು ನಂಬಿ ಪಾಸ್‌ಬುಕ್ ಕೊಟ್ಟಿದ್ದಾರೆ. ಸಂಘ ಅಂದರೆ ಮನೆ ಅಂತ ತಿಳಿದು ಕೊಟ್ಟಿದ್ದಾರೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದು: ಗುಜರಿ ವ್ಯವಹಾರವನ್ನು ಇವತ್ತೇ ನಿಲ್ಲಿಸಿ. ಒಂದು ಡಿಸ್ಕ್ ಕೂಡ ಅಳಿಸದೆ ಹೊರಗೆ ಹೋಗಬಾರದು. ವಿದ್ಯಾರ್ಥಿವೇತನದ ಕಡತಗಳು ಕಚೇರಿಯ ಒಂದೇ ಯಂತ್ರದಲ್ಲಿ, ಪಾಸ್‌ವರ್ಡ್ ಹಾಕಿ ಇರಬೇಕು. ಕೆಲಸ ಮುಗಿದ ವರ್ಷಗಳವನ್ನು ಅಳಿಸಬೇಕು.

ಯಂತ್ರಗಳ ಬಗ್ಗೆ ನನ್ನ ಸಲಹೆಯನ್ನು ಲೆಕ್ಕದ ಸಮೇತ ಹೇಳುತ್ತೇನೆ. ಎಂಟನೇ ತಲೆಮಾರಿನ ಐದಕ್ಕೂ ಎಸ್‌ಎಸ್‌ಡಿ ಹಾಕಿ ವಿಂಡೋಸ್ 11ಕ್ಕೆ ಏರಿಸೋಣ, 9,250 ರೂಪಾಯಿ. ಟ್ಯಾಲಿ ಪಾಠ ಈ ಐದರಲ್ಲಿ, ಸರದಿ ಮೇಲೆ. ಹಳೇ ಏಳಕ್ಕೆ ಎಸ್‌ಎಸ್‌ಡಿ, ರ್‍ಯಾಮ್ ಹಾಕಿ ಲಿನಕ್ಸ್, 17,150 ರೂಪಾಯಿ. ಟೈಪಿಂಗ್, ಲೆಕ್ಕದ ಹಾಳೆ, ಇಂಟರ್ನೆಟ್, ಜಿಎಸ್‌ಟಿ ಪೋರ್ಟಲ್ ನೋಡುವುದು ಎಲ್ಲ ಇವುಗಳಲ್ಲಿ ಆಗುತ್ತದೆ. ಸಂಘದ ಕಚೇರಿಗೆ ಅಸಲಿ ವಿಂಡೋಸ್ ಇರುವ ಒಂದು ಹೊಸ ಡೆಸ್ಕ್‌ಟಾಪ್ ಮತ್ತು ಯುಪಿಎಸ್, 45,000 ಇಟ್ಟುಕೊಳ್ಳೋಣ. ಸಂಚಿಕೆಯ ಕೆಲಸಕ್ಕೆ ಮ್ಯಾಕ್ ಬೇಕೇ ಬೇಕು ಅಂತ ಸಮಿತಿಗೆ ಅನ್ನಿಸಿದರೆ ಒಂದು ಮ್ಯಾಕ್ ಮಿನಿ ತನ್ನಿ. ಎಂ4 ಮಿನಿ ಇಲ್ಲಿ ಬಿಡುಗಡೆಯಾದಾಗ 59,900 ಇತ್ತು. ಪರದೆ, ಕೀಬೋರ್ಡ್ ನಮ್ಮಲ್ಲಿ ಇರುವುದನ್ನೇ ಹಚ್ಚಬಹುದು. ಎಲ್ಲ ಸೇರಿ 1,31,300. ಬ್ಯಾಕಪ್ ಡಿಸ್ಕ್ ಎರಡು ತಂದರೂ ಒಂದೂವರೆ ಲಕ್ಷ ದಾಟುವುದಿಲ್ಲ.

ಹಳೇ ಏಳು ಯಂತ್ರಗಳು ಹತ್ತು ವರ್ಷ ಬರುತ್ತವೆ ಅಂತ ನಾನು ಮಾತು ಕೊಡಲಾರೆ. ಮೂರು ವರ್ಷದೊಳಗೆ ಎರಡರ ಮದರ್‌ಬೋರ್ಡ್ ಕೈಕೊಡಬಹುದು. ಅದಕ್ಕೇ ಉಳಿದ ಹತ್ತು ಲಕ್ಷವನ್ನು ಬ್ಯಾಂಕಿನಲ್ಲಿ ಇಡೋಣ. ಕೆಟ್ಟಂತೆಲ್ಲ ಒಂದೊಂದೇ ಹೊಸದು ತರೋಣ. ಬಡ್ಡಿಯಲ್ಲಿ ಪಾಠ ಹೇಳುವ ಹುಡುಗರಿಗೆ ರೈಲ್ವೆ ಪಾಸಿನ ಖರ್ಚಾದರೂ ಕೊಡಬಹುದು. ಅಂಬರನಾಥದಿಂದ ಬಂದು ಪುಕ್ಕಟೆ ಪಾಠ ಮಾಡುವವನಿಗೆ ನಾವು ಇದುವರೆಗೆ ಪಾಸ್ ದುಡ್ಡೂ ಕೊಟ್ಟಿಲ್ಲ.

ಏನೇ ಕೊಂಡರೂ ಮೂರು ಕೊಟೇಶನ್ ತರಿಸಿ, ಸೂಚನಾ ಫಲಕದಲ್ಲಿ ಹಾಕಿ. ಪಾಠ ಮಾಡುವವರಲ್ಲಿ ಇಬ್ಬರನ್ನು ಖರೀದಿ ಉಪಸಮಿತಿಗೆ ಸೇರಿಸಿ. ಡೂಪ್ಲಿಕೇಟ್ ವಿಂಡೋಸ್ ಹಾಕಿಕೊಡುತ್ತೇವೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನನಗೆ ಪರಿಚಯದ ಒಂದು ಸಾರಿಗೆ ಆಫೀಸಿನಲ್ಲಿ ಹಾಗೆ ಹಾಕಿಸಿಕೊಂಡು, ಅಪ್‌ಡೇಟ್ ಬಂದ್ ಮಾಡಿಸಿ, ಒಂದು ಬೆಳಗ್ಗೆ ನಾಲ್ಕು ವರ್ಷದ ಟ್ಯಾಲಿ ಡೇಟಾಕ್ಕೆ ಬೀಗ ಬಿದ್ದಿತ್ತು. ಕಾಗದದ ಬಿಲ್ಲುಗಳ ಗಂಟು ಬಿಚ್ಚಿ ನಾನು ಮತ್ತು ಅವರ ಗುಮಾಸ್ತರು ಎರಡು ತಿಂಗಳು ಕೂತು ಮತ್ತೆ ಎಂಟ್ರಿ ಹೊಡೆದೆವು.

ಈ ಪತ್ರದಿಂದ ಯಾರಿಗಾದರೂ ನೋವಾದರೆ ಕ್ಷಮಿಸಿ. ಆದರೆ ಉತ್ತರವನ್ನು ಬರಹದಲ್ಲೇ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಬರುವ ಭಾನುವಾರ ಬೆಳಗ್ಗೆ ಹತ್ತೂವರೆಗೆ ನಾನು ತರಗತಿಯ ಕೋಣೆಯಲ್ಲಿ ಇರುತ್ತೇನೆ. ಸ್ಕ್ರೂಡ್ರೈವರ್, ಬ್ರಷ್, ಡಿಸ್ಕ್ ಅಳಿಸುವ ಪೆನ್‌ಡ್ರೈವ್ ತರುತ್ತೇನೆ. ಇಬ್ಬರು ಹುಡುಗರು ಸಹಾಯಕ್ಕೆ ಬರುತ್ತೇವೆ ಅಂದಿದ್ದಾರೆ. ಕಾರ್ಯದರ್ಶಿಗಳು ಬೀಗದ ಕೀ ಕೊಟ್ಟು ಕಳಿಸಿದರೆ ಸಾಕು. ಒಂಬತ್ತನೇ ಯಂತ್ರದಿಂದ ಶುರು ಮಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸಂಘದ ಒಬ್ಬ ಆಜೀವ ಸದಸ್ಯೆ
ಡೊಂಬಿವಲಿ